ಮೊದಲು ನೇಗಿಲು, ಆಮೇಲೆ ಕೂರಿಗೆ

ಶಿವರಾತ್ರಿಗೆ ಇನ್ನೆರಡು ದಿನವಿತ್ತು. ಸಂಜೆ ಶಾಲೆಯಿಂದ ಬಂದು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ನಮ್ಮ ಬೀದಿಯ ತಾಯಿ ಮಗಳಿಬ್ಬರು ಬಂದು ಜಗುಲಿಯ ಮೇಲೆ ಕುಳಿತರು. ಮಗಳು ಐದಾರು ವರ್ಷಗಳ ಹಿಂದೆ ಆನಗೋಡಿನಲ್ಲಿ ನನ್ನ ಬಳಿ ಸಮಾಜ ವಿಜ್ಞಾನ ಓದಿದವಳು. ದಾವಣಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಬಂದಿದ್ದಳು. ಅವಳ ಕೈಯಲ್ಲಿ ಒಂದು ಹಾಳೆ. ಮುಂದಿನ ಸೆಮಿಸ್ಟರಿನ ವಿಷಯಗಳ ಪಟ್ಟಿ. ಕೆಲವು ಕಡ್ಡಾಯ; ಒಂದೆಡೆ ಮಾತ್ರ ನಾಲ್ಕು ಹೆಸರುಗಳನ್ನು ಕೊಟ್ಟು, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಿತ್ತು.

“ಅಕ್ಕೋರೇ, ಯಾವುದು ತಗಂಡ್ರೆ ಒಳ್ಳೇದು, ನೀವೇ ಹೇಳ್ರಿ. ನಮಗೇನು ತಿಳೀತದೆ?” ಎಂದಳು ತಾಯಿ.

ಬಿ.ಎ., ಬಿ.ಇಡ್. ಓದಿ, ವಿಜಯನಗರದ ಅರಸರ ಇಸವಿಗಳನ್ನು ಬಾಯಿಪಾಠ ಮಾಡಿಸುತ್ತ ಬಂದ ನನಗಾದರೂ ಏನು ತಿಳಿಯುತ್ತದೆ? ಹಾಗೆಂದು ಹೇಳಿ ಕಳಿಸಬಹುದಿತ್ತು. ಆದರೆ ನನ್ನ ಬಾಯಿಗೆ ಆ ಮಾತು ಬರಲಿಲ್ಲ. “ಹಾಳೆ ಇಲ್ಲಿ ಇಟ್ಟು ಹೋಗು, ಭಾನುವಾರ ಬಾ” ಎಂದೆ. ಹಾಗೆ ಹೇಳಲು ಕಾರಣವಿತ್ತು. ಇಂಥದೇ ಜಗುಲಿಯ ಮಾತಿನಲ್ಲಿ ನಾನು ಹಿಂದೊಮ್ಮೆ ಒಂದು ಹುಡುಗನ ವರ್ಷವನ್ನು ಹಾಳು ಮಾಡಿದ್ದೆ.

ಅವನೂ ನನ್ನ ವಿದ್ಯಾರ್ಥಿಯೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿಗೆ ಹೋಗದೆ ಡಿಪ್ಲೊಮಾ ಮಾಡಿ, 2012ರಲ್ಲಿ ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಿದ. ಹಾಗೆ ಸೇರಿದವರಿಗೆ ಆಗ ಉಳಿದ ವಿಷಯಗಳ ಜೊತೆಗೆ ಹೆಚ್ಚುವರಿ ಗಣಿತವೊಂದು ಇರುತ್ತಿತ್ತು. ಮೊದಲ ವರ್ಷದ ಗಣಿತ ತಪ್ಪಿಸಿಕೊಂಡು ಬಂದವರನ್ನು ದಡ ಮುಟ್ಟಿಸುವ ಸೇತುವೆಯ ಪಾಠ ಅದು. ಅದರ ಅಂಕ ತರಗತಿಯ ಒಟ್ಟಿಗೆ ಸೇರುವುದಿಲ್ಲ ಎಂದು ಅವನು ಹೇಳಿದ. ನಾನು ಜಾಣತನದಿಂದ, “ಹಾಗಿದ್ದರೆ ಅದನ್ನು ಕೊನೆಗಿಟ್ಟುಕೋ. ಅಂಕ ಬರುವ ವಿಷಯಗಳನ್ನು ಮೊದಲು ಮುಗಿಸು” ಎಂದೆ. ಮೇಷ್ಟ್ರ ಮಾತು ಮೀರದ ಹುಡುಗ, ಹಾಗೆಯೇ ಮಾಡಿದ. ಆ ಗಣಿತ ಪಾಸಾಗದೆ ಒಂದು ಹಂತದಿಂದ ಮೇಲಿನ ಸೆಮಿಸ್ಟರಿಗೆ ಬಿಡುವುದಿಲ್ಲ ಎಂಬ ನಿಯಮ ನನಗೆ ತಿಳಿದಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದು ಇಲ್ಲದೆ ಉಳಿದ ವಿಷಯಗಳೂ ತಲೆಗೆ ಹತ್ತುವುದಿಲ್ಲ ಎಂಬುದು ತಿಳಿದಿರಲಿಲ್ಲ. ಬ್ಯಾಕ್‌ಲಾಗ್ ಮೇಲೆ ಬ್ಯಾಕ್‌ಲಾಗ್ ಆಗಿ ಅವನಿಗೆ ಒಂದು ವರ್ಷ ಹೋಯಿತು. ಆ ವರ್ಷದ ಖರ್ಚಿಗೆ ಅವನ ತಾಯಿಯ ಅವಲಕ್ಕಿ ಸರ ಸೊಸೈಟಿಯಲ್ಲಿ ಅಡವಾಯಿತು. ಅವರಲ್ಲಿ ಯಾರೂ ನನ್ನನ್ನು ಒಂದು ಮಾತು ಆಡಲಿಲ್ಲ. ನಾನೂ ಕ್ಷಮಿಸಿ ಎನ್ನಲಿಲ್ಲ.

ಆದ್ದರಿಂದ ಆ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು, ನನಗೆ ಗೊತ್ತಿರುವ ಒಂದೇ ವಿದ್ಯೆಯಿಂದ ಅದನ್ನು ನೋಡಲು ಹೊರಟೆ. ಚರಿತ್ರೆ ಓದಿದವರು ಯಾವ ಕಾಗದವನ್ನು ಕಂಡರೂ, ಇದು ಎಲ್ಲಿಂದ ಬಂತು, ಯಾರು ಬರೆದರು, ಮೊದಲು ಹೇಗಿತ್ತು ಎಂದು ಕೇಳುತ್ತಾರೆ.

ಕಂಪ್ಯೂಟರನ್ನು ಕಾಲೇಜಿನ ಪಾಠವಾಗಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಒಂದು. ಅಲ್ಲಿ 1953ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭವಾಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1962ರಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಆಗ ಎದ್ದ ಪ್ರಶ್ನೆ, ಈ ಪದವಿಯಲ್ಲಿ ಏನನ್ನು ಕಲಿಸಬೇಕು, ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದು. ಭೌತಶಾಸ್ತ್ರಕ್ಕೆ, ಇತಿಹಾಸಕ್ಕೆ ತಲೆತಲಾಂತರದ ಪಠ್ಯಕ್ರಮವಿತ್ತು. ಇದಕ್ಕೆ ಹಿರಿಯರೇ ಇರಲಿಲ್ಲ. ಕೊನೆಗೆ ಎಸಿಎಂ ಎಂಬ ಅಮೆರಿಕದ ಗಣಕ ತಜ್ಞರ ಸಂಘ 1968ರಲ್ಲಿ ಒಂದು ವರದಿ ಪ್ರಕಟಿಸಿತು. ಅದರಲ್ಲಿ 22 ಪಾಠಗಳಿದ್ದವು: ತಳಹದಿಯವು 4, ನಡುವಿನವು 9, ಮೇಲಿನವು 9. ಅಷ್ಟೇ ಅಲ್ಲ, ಯಾವ ಪಾಠ ಆದ ಮೇಲೆ ಯಾವ ಪಾಠ ಎಂದು ಬಾಣದ ಗುರುತು ಹಾಕಿ ಒಂದು ನಕ್ಷೆಯನ್ನೂ ಕೊಟ್ಟಿದ್ದರು. ತಳಹದಿಯ ನಾಲ್ಕರಲ್ಲಿ ಎರಡು ಗಣಕವನ್ನೂ ಪ್ರೋಗ್ರಾಮಿಂಗನ್ನೂ ಪರಿಚಯಿಸುವಂಥವು. ಉಳಿದೆರಡು ಗಣಿತದವು. ಅವುಗಳಲ್ಲಿ ಒಂದರ ಹೆಸರು ಡಿಸ್ಕ್ರೀಟ್ ಸ್ಟ್ರಕ್ಚರ್ಸ್. ಗಣಗಳು, ಸಂಬಂಧಗಳು, ತರ್ಕ, ಎಣಿಕೆಯ ವಿಧಾನಗಳು, ಗ್ರಾಫ್‌ಗಳು, ಇವು ಅದರ ವಸ್ತು.

ನಾನು ತಡೆದು ನಿಂತದ್ದು ಇಲ್ಲಿಯೇ. ಹುಡುಗಿಯ ಹಾಳೆಯ ನಾಲ್ಕು ಆಯ್ಕೆಗಳಲ್ಲಿ ಮೊದಲನೆಯದು ಡಿಸ್ಕ್ರೀಟ್ ಮ್ಯಾಥಮೆಟಿಕಲ್ ಸ್ಟ್ರಕ್ಚರ್ಸ್. 1968ರಲ್ಲಿ ಹೊಸ್ತಿಲಲ್ಲೇ ಇದ್ದ ಪಾಠ ಈ ಹಾಳೆಯಲ್ಲಿ ನಾಲ್ಕನೆಯ ಸೆಮಿಸ್ಟರಿನ ಆಯ್ಕೆಯಾಗಿ ಕುಳಿತಿತ್ತು.

ಇದು ಹೇಗಾಯಿತು? ಹತ್ತು ವರ್ಷದ ಮೇಲೆ, 1978ರಲ್ಲಿ, ಅದೇ ಸಂಘ ಎರಡನೆಯ ವರದಿ ತಂದಿತು. ಅದರಲ್ಲಿ ಗಣಿತದ ಜಾಗ ಕಿರಿದಾಗಿ ಪ್ರೋಗ್ರಾಮಿಂಗಿನ ಜಾಗ ಹಿರಿದಾಯಿತು. ಕೆಲಸಕ್ಕೆ ಬೇಕಾದವರನ್ನು ತಯಾರು ಮಾಡುವ ಒತ್ತಡ ಒಂದು ಕಡೆ. ಗಣಿತವಿಲ್ಲದೆ ಈ ಶಾಸ್ತ್ರ ನಿಲ್ಲುವುದೇ ಎಂಬ ಪ್ರಾಧ್ಯಾಪಕರ ಆಕ್ಷೇಪ ಇನ್ನೊಂದು ಕಡೆ. ಆ ಜಗ್ಗಾಟ ಇಂದಿಗೂ ಮುಗಿದಿಲ್ಲ. 2023ರ ಹೆಸರಿನಲ್ಲಿ ಎಸಿಎಂ ಮತ್ತು ಇನ್ನೆರಡು ಸಂಘಗಳು ಸೇರಿ ತಂದ ವರದಿಯಲ್ಲಿ ಈ ಶಾಸ್ತ್ರವನ್ನು 17 ವಿಭಾಗಗಳಾಗಿ ಹಂಚಿದ್ದಾರೆ. ಗಣಿತದ ಪಾಲನ್ನು ಮತ್ತೆ ಹೆಚ್ಚಿಸಿದ್ದಾರೆ. ಕೃತಕ ಬುದ್ಧಿಮತ್ತೆಯ ಕಾಲ ಬಂದಾಗ ಹಳೆಯ ಗಣಿತವೇ ಮತ್ತೆ ಬೇಕಾಯಿತು.

ನಮ್ಮ ದೇಶದ ಕತೆ ಕಾನ್ಪುರದ ಐಐಟಿಯದು. 1963ರಲ್ಲಿ ಅಲ್ಲಿಗೆ ಐಬಿಎಂ 1620 ಎಂಬ ಯಂತ್ರ ಬಂತು. ಯಂತ್ರವೇನೋ ಬಂತು, ವಿದ್ಯಾರ್ಥಿಗಳ ಕೈಗೆ ಪುಸ್ತಕ ಬೇಕಲ್ಲ? ಅಲ್ಲಿ ಪಾಠ ಮಾಡುತ್ತಿದ್ದ ವಿ. ರಾಜಾರಾಮನ್ ಅವರು ತಾವೇ ಟಿಪ್ಪಣಿ ಬರೆದು, ಅದನ್ನೇ ನಮ್ಮ ಮಕ್ಕಳ ಕೈಗೆ ಎಟಕುವ ಬೆಲೆಯ ಪುಸ್ತಕಗಳನ್ನಾಗಿ ಮಾಡಿದರು. ಮುಂದೆ 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಎಂ.ಸಿ.ಎ. ಎಂಬ ಪದವಿ ನಮ್ಮ ದೇಶದಲ್ಲಿ ರೂಪುಗೊಂಡದ್ದರಲ್ಲೂ ಅವರ ಪಾಲು ದೊಡ್ಡದು. ಕಾನ್ಪುರದಲ್ಲಿ ಬಿ.ಟೆಕ್. ಮಟ್ಟದ ಕಂಪ್ಯೂಟರ್ ಸೈನ್ಸ್ ಶುರುವಾದದ್ದು 1970ರ ದಶಕದ ಕೊನೆಗೆ. ಯಂತ್ರ ಬಂದು ಸುಮಾರು ಹದಿನೈದು ವರ್ಷ ಕಾದು, ಮೇಲಿನ ತರಗತಿಗಳಲ್ಲಿ ಪಾಠ ಮಾಡಿ ನೋಡಿ, ಆಮೇಲೆ ಪದವಿ ಕೊಡಲು ಹೊರಟರು.

ದಾವಣಗೆರೆಗೆ ಬರೋಣ. ನಾನು ಚಿಕ್ಕವಳಿದ್ದಾಗ ಈ ಊರೆಂದರೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಮ್ಮ ಪಠ್ಯಪುಸ್ತಕದಲ್ಲಿಯೇ ಇತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಸ್ಥಾನದಲ್ಲಿ ಊರಿಗೆ ಅನ್ನ ಕೊಟ್ಟದ್ದು ಕಾಲೇಜುಗಳು. ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರಷ್ಟು ಹಿಂದೆಯೇ ಇಲ್ಲಿ ತೆರೆದಿತ್ತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1979ರಲ್ಲಿ ತನ್ನ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಸಿವಿಲ್ಲು, ಮೆಕ್ಯಾನಿಕಲ್ಲು ಎಂದು ಹೇಳುತ್ತಿದ್ದ ಊರ ಬಾಯಲ್ಲಿ ‘ಸೀಯೆಸ್ಸು’ ಎಂಬ ಮಾತು ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಆದರೆ ಪಠ್ಯಕ್ರಮ ಬರೆಯುವವರು ಬಹುಕಾಲ ಈ ಊರಿನಲ್ಲಿ ಇರಲಿಲ್ಲ. ಮೊದಲು ಮೈಸೂರು ವಿಶ್ವವಿದ್ಯಾನಿಲಯ, 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯ, 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಬೆಳಗಾವಿಯವರು ಕೆಲವು ವರ್ಷಗಳಿಗೊಮ್ಮೆ ಹೊಸ ‘ಸ್ಕೀಮ್’ ತರುತ್ತಾರೆ. 2002, 2006, 2010, 2015, 2018, 2021, 2022 ಎಂದು ಮಕ್ಕಳು ಅದನ್ನು ಇಸವಿಯಿಂದಲೇ ಗುರುತಿಸುತ್ತಾರೆ. ನಾವು ಅರಸರ ಪಟ್ಟಾಭಿಷೇಕದಿಂದ ಶಾಸನಗಳ ಕಾಲ ಗುರುತಿಸಿದಂತೆ! 2018ರ ಸ್ಕೀಮಿನಲ್ಲಿ ಡಿಸ್ಕ್ರೀಟ್ ಗಣಿತ ಮೂರನೆಯ ಸೆಮಿಸ್ಟರಿಗೆ ಕಡ್ಡಾಯವಾಗಿತ್ತು. 2022ರ ಸ್ಕೀಮಿನಲ್ಲಿ ನಾಲ್ಕನೆಯದರ ಆಯ್ಕೆಯಾಯಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್ ಸಾಕೆಂದು ಮಾದರಿ ಕೊಟ್ಟಿತ್ತು. ಹೊರೆ ಇಳಿಸುವುದು ಒಳ್ಳೆಯದೇ. ಚೀಲದಿಂದ ಏನನ್ನು ತೆಗೆದು ಹೊರಗಿಡಬೇಕು ಎಂಬಲ್ಲಿ ಕಷ್ಟ.

ಬಿ.ಸಿ.ಎ. ಓದುವವರ ಪಾಡು ಬೇರೆ. 2009ರಲ್ಲಿ ದಾವಣಗೆರೆಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ಪದವಿಗೆ ನಾಲ್ಕನೆಯ ವರ್ಷ ಸೇರಿತು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ಅಕ್ಕನ ಪುಸ್ತಕ ತಮ್ಮನಿಗೆ ಬರುವುದಿಲ್ಲ ಎಂದು ನಮ್ಮೂರ ಮನೆಗಳಲ್ಲಿ ದೂರುವುದನ್ನು ನಾನೇ ಕೇಳಿದ್ದೇನೆ.

ಇನ್ನೊಂದು ಮಾತು ಕನ್ನಡದ್ದು. ನಮ್ಮ ಹತ್ತನೆಯ ತರಗತಿಯ ಹಳೆಯ ಗಣಿತ ಪುಸ್ತಕದಲ್ಲಿ ‘ಗಣಗಳು’ ಎಂಬ ಅಧ್ಯಾಯವಿತ್ತು, ‘ಕ್ರಮಯೋಜನೆ ಮತ್ತು ವಿಕಲ್ಪ’ ಎಂಬುದೂ ಇತ್ತು. ಎನ್‌ಸಿಇಆರ್‌ಟಿ ಪುಸ್ತಕಗಳು ಬಂದ ಮೇಲೆ ಅವು ಆ ತರಗತಿಯಿಂದ ಹೋದವು. ಆ ಹುಡುಗ ಓದಿದ್ದು ಹಳೆಯ ಪುಸ್ತಕವನ್ನೇ. ಗಣ ಎಂದರೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನಲ್ಲಿ ‘ಸೆಟ್’ ಎಂದಾಗ ಅದು ಅದೇ ಎಂದು ಹೇಳುವವರು ಯಾರೂ ಇರಲಿಲ್ಲ. ಗೊತ್ತಿರುವ ನೆಂಟನೇ ಎದುರಿಗೆ ನಿಂತರೂ ಗುರುತು ಸಿಗದ ಹಾಗಾಯಿತು.

ಇಷ್ಟು ಓದಿದರೂ ಒಂದು ಧೈರ್ಯ ಬರಲಿಲ್ಲ. ಚರಿತ್ರೆಯನ್ನು ಪುಸ್ತಕದಿಂದ ತಿಳಿಯಬಹುದು. ಹಾದಿಯನ್ನು ನಡೆದವನೇ ಹೇಳಬೇಕು. ಶನಿವಾರ ರಾತ್ರಿ ಆ ಹುಡುಗನಿಗೆ ಫೋನು ಮಾಡಿದೆ. ಪದವಿ ಮುಗಿಸಿ, ಬೆಂಗಳೂರಿನಲ್ಲಿ ಕೆಲ ವರ್ಷ ಇದ್ದು, ಅವನು ದಾವಣಗೆರೆಗೇ ಬಂದು ನೆಲೆಸಿದ್ದ. ವಿಷಯ ಹೇಳಿದೆ. “ನಾಳೆ ಬರ್ತೀನಿ ಮೇಡಂ” ಎಂದ.

ಭಾನುವಾರ ಬಂದವನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದ. ಡೇಟಾ ಸ್ಟ್ರಕ್ಚರ್ಸಿನಿಂದ ಆಲ್ಗರಿದಮ್ಮಿಗೆ ಒಂದು ಬಾಣ. ಅದು ನಿಲ್ಲಬೇಕಾದರೆ ಎಣಿಕೆಯ ಗಣಿತದಿಂದ ಅದಕ್ಕೇ ಇನ್ನೊಂದು ಬಾಣ. ಡೇಟಾಬೇಸಿಗೆ ಗಣ ಮತ್ತು ಸಂಬಂಧಗಳಿಂದ ಬಾಣ. ಮೆಷಿನ್ ಲರ್ನಿಂಗಿಗೆ ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ ಎರಡರಿಂದಲೂ. ಅರ್ಧ ಶತಮಾನ ದಾಟಿದ ಆ ವರದಿಯನ್ನು ಅವನು ಕಂಡವನಲ್ಲ. ಆದರೂ ಅವನ ಕೈಯಿಂದ ಅಂಥದೇ ನಕ್ಷೆ ಮೂಡುತ್ತಿತ್ತು. “ನಾಲ್ಕರಲ್ಲಿ ಡಿಸ್ಕ್ರೀಟ್ ತಗೋ. ಸ್ಕೋರ್ ಆಗಲ್ಲ ಅಂತ ಹುಡುಗರು ಹೇಳ್ತಾರೆ, ಕೇಳಬೇಡ” ಎಂದ.

ಹುಡುಗಿ ಮೆಲ್ಲಗೆ, “ನಮ್ ಕಾಲೇಜಲ್ಲಿ ಒಂದನ್ನೇ ಕೊಡ್ತಾರಂತಣ್ಣ. ಅದು ಯಾವುದು ಅಂತ ಇನ್ನೂ ಹೇಳಿಲ್ಲ” ಎಂದಳು. ಕಾಗದದಲ್ಲಿ ನಾಲ್ಕು ಇರಬಹುದು. ಪಾಠ ಮಾಡುವವರು ಇದ್ದಷ್ಟೇ ಆಯ್ಕೆ. ನಮ್ಮ ಶಾಲೆಯ ಕತೆಯೂ ಅದೇ ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಅವನು ಒಂದು ಗಳಿಗೆ ಯೋಚಿಸಿ, ಬೇರೆಯದನ್ನು ಕೊಟ್ಟರೆ ಪರೀಕ್ಷೆಗೆ ಅದನ್ನು ಓದಿದರಾಯಿತು, ಡಿಸ್ಕ್ರೀಟನ್ನು ಬೇಸಿಗೆ ರಜೆಯಲ್ಲಿ ತಾನೇ ಹೇಳಿಕೊಡುತ್ತೇನೆ ಎಂದ. ಐಐಟಿಯವರು ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಎನ್‌ಪಿಟೆಲ್ ಎಂದು ಬಿಟ್ಟಿಯಾಗಿ ಕೊಡುವ ಪಾಠಗಳಿವೆ. ಅರ್ಥವಾಗದ ಕಡೆ ನಿಲ್ಲಿಸಿ ಕೇಳು ಎಂದ. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಹಳೇ ಹತ್ತನೇ ಕ್ಲಾಸಿನ ಮ್ಯಾಥ್ಸ್ ಪುಸ್ತಕ ಶಾಲೆಯಲ್ಲಿ ಸಿಗ್ತದಾ? ಗಣಗಳು ಇರೋದು. ಅಲ್ಲಿಂದ ಶುರು ಮಾಡೋಣ” ಎಂದ.

ಅದುವರೆಗೂ ಬಾಗಿಲಿಗೆ ಒರಗಿ ಸುಮ್ಮನೆ ಕೇಳುತ್ತಿದ್ದ ತಾಯಿ ನಕ್ಕಳು. “ಅಷ್ಟೇನಾ? ಮೊದ್ಲು ನೇಗಿಲು, ಆಮೇಲೆ ಕುಂಟೆ, ಆಮೇಲೆ ಕೂರಿಗೆ. ನೆಲ ಹದ ಮಾಡ್ದೆ ಬೀಜ ಬಿಟ್ರೆ ಕಾಗೆ ತಿಂದು ಹೋಗ್ತದೆ. ಇದನ್ನ ಕೇಳಾಕೆ ಇಷ್ಟು ಜನ ಬೇಕಾಯ್ತಾ?”

ನಾವೆಲ್ಲ ನಕ್ಕೆವು. ಮಂಡಕ್ಕಿ ತಿಂದು ಕಾಫಿ ಕುಡಿದ ಮೇಲೆ ಹುಡುಗನನ್ನು ಹೆದ್ದಾರಿಯ ಬಸ್ ನಿಲ್ದಾಣದವರೆಗೂ ಕಳಿಸಲು ಹೋದೆ. ದಾರಿಯಲ್ಲಿ, ಹತ್ತು ವರ್ಷ ಮೀರಿ ಒಳಗಿಟ್ಟುಕೊಂಡಿದ್ದನ್ನು ಹೇಳಿದೆ: “ಆವತ್ತು ನಾನು ತಪ್ಪು ಹೇಳಿದೆ ಕಣಪ್ಪಾ. ನಿನ್ನ ಒಂದು ವರ್ಷ ಹೋಯಿತು.”

ಅವನು ತಟ್ಟನೆ ಉತ್ತರ ಕೊಡಲಿಲ್ಲ. ಪುಣೆಯ ಕಡೆಗೆ ಹೋಗುವ ಲಾರಿಗಳು ಒಂದರ ಹಿಂದೊಂದು ಹೋದವು. “ಹೋಯ್ತು ಮೇಡಂ. ಅಮ್ಮನ ಸರ ಬಿಡಿಸಿಕೊಳ್ಳೋಕೆ ಮೂರು ವರ್ಷ ಬೇಕಾಯ್ತು” ಎಂದ. ಪರವಾಗಿಲ್ಲ ಎನ್ನಲಿಲ್ಲ. ಬಸ್ಸು ಬಂತು. ಹತ್ತುವಾಗ ತಿರುಗಿ, “ಪುಸ್ತಕ ಮರೀಬೇಡಿ” ಎಂದ.

ಸೋಮವಾರ ಶಾಲೆಯ ಕಪಾಟನ್ನು ಹುಡುಕಿದೆ. ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಗಣಗಳ ಅಧ್ಯಾಯ ಮಾತ್ರ ಪೂರ್ತಿ ಇತ್ತು. ಮೈದಾ ಅಂಟು ಕಲಸಿ, ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಅದಕ್ಕೊಂದು ಹೊದಿಕೆ ಹಾಕಿ, ಸಂಜೆ ಆ ಹುಡುಗಿಯ ಮನೆಗೆ ಕೊಟ್ಟು ಬಂದೆ.