ಜೋಡಿ ಕಟ್ಟುವವರು ಯಾರು?

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯನ್ನು ನೀವು ಬಲ್ಲಿರಿ. ಫಾಲ್ಗುಣ ಮಾಸದ ಬಿಸಿಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಹಳ್ಳಿಗಳಿಂದ ಜನ ಅಲ್ಲಿ ನೆರೆಯುತ್ತಾರೆ. ತೇರಿನ ದಿನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಆ ಬಾವುಟ ಹಲವು ಲಕ್ಷ ರೂಪಾಯಿಗೆ ಹೋಗುತ್ತಿದೆ. ಅಲ್ಲಿನ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಹೆಚ್ಚು ಕೂಗಿದವರಿಗೆ ಬಾವುಟ. ಎಲ್ಲರ ಕಣ್ಣೆದುರಿಗೆ ನಡೆಯುವ ವ್ಯವಹಾರವಾದ್ದರಿಂದ ಯಾರೂ ಅದನ್ನು ತಪ್ಪೆಣಿಸುವುದಿಲ್ಲ.

ಜಾತ್ರೆ ಎಂದ ಮೇಲೆ ನಮ್ಮ ನಡುನಾಡಿನ ಅನೇಕ ಊರುಗಳಲ್ಲಿ ಬಯಲು ಕುಸ್ತಿಯೂ ಸೇರಿಕೊಳ್ಳುವುದುಂಟು. ಅಲ್ಲಿಯೂ ಹಣದ ಮಾತಿದೆ: ಬೆಳ್ಳಿಯ ಕಡಗ, ಗದೆ, ನಗದು ಇನಾಮು. ಆದರೆ ಅಖಾಡಕ್ಕೆ ಇಳಿದ ಪೈಲ್ವಾನನ ಎದುರಿಗೆ ಯಾರನ್ನು ನಿಲ್ಲಿಸಬೇಕು ಎಂಬುದೂ ಬಾವುಟದ ಹರಾಜಿನಂತೆ ಹಣದಿಂದಲೇ ತೀರ್ಮಾನವಾಗಬೇಕೆ? ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಜಗತ್ತಿನ ವೃತ್ತಿಪರ ಮುಷ್ಟಿಯುದ್ಧದ, ಎಂದರೆ ಬಾಕ್ಸಿಂಗಿನ, ಇತಿಹಾಸದ ಬಹುಭಾಗ ಇದೊಂದು ಪ್ರಶ್ನೆಯ ಸುತ್ತಲೇ ತಿರುಗಿದೆ. ನಮ್ಮ ನಾಡು ಈ ಪ್ರಶ್ನೆಗೆ ಒಂದು ಹಳೆಯ ಉತ್ತರವನ್ನು ಕೊಟ್ಟಿದೆಯೆಂಬುದನ್ನು ಮೊದಲು ನೋಡೋಣ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅಲ್ಲಿನ ಮಲ್ಲಯುದ್ಧ ತನ್ನ ದೇಶದ್ದರಂತಲ್ಲ, ಇಲ್ಲಿ ಹಲ್ಲು ಮುರಿಯುವಂಥ, ಮುಖ ಕೆಡುವಂಥ ಹೊಡೆತಗಳುಂಟು ಎಂದು ಅವನು ಬೆರಗಾಗುತ್ತಾನೆ. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ: ಈ ಮಲ್ಲರ ಮೇಲೆ ನಾಯಕರೂ ತೀರ್ಪುಗಾರರೂ ಇದ್ದರು, ಕಣದಲ್ಲಿ ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲತಕ್ಕ ಗೌರವವನ್ನು ಗೊತ್ತುಮಾಡುವುದು, ಇವು ಅವರ ಕೆಲಸ. ಕೆಲವು ವರ್ಷಗಳ ಮೇಲೆ ಬರೆದ ಫೆರ್ನಾವೊ ನೂನಿಜನು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುವ ಮಲ್ಲರನ್ನು ವರ್ಣಿಸುತ್ತಾನೆ. ಹೆಚ್ಚು ಗಾಯಗೊಂಡವನೇ ಹೋಗಿ ಅರಸನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ! ಗೆದ್ದವನಿಗೆ ಮಾತ್ರವಲ್ಲ, ತಾಳಿಕೊಂಡವನಿಗೂ ಅಲ್ಲಿ ಬೆಲೆಯಿತ್ತು.

ವಿಜಯನಗರದ ನವರಾತ್ರಿಯ ವೈಭವ ಮುಂದೆ ಮೈಸೂರಿನ ಒಡೆಯರ ಪಾಲಿಗೆ ಬಂತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದರು. ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಆ ಹಳೆಯ ಆಟದ ನೆರಳನ್ನು ಇಂದಿಗೂ ಕಾಣಬಹುದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೆಂದರೆ ಕಾಳಗ ಮುಗಿಯಿತು. ಅದನ್ನು ಸೇವೆಯೆಂದು ಮಾಡುತ್ತಾರೆಯೇ ಹೊರತು ಟಿಕೀಟು ಕೊಂಡ ಜನರಿಗಾಗಿ ಅಲ್ಲ.

ಇನ್ನು ದಸರೆಯ ನಾಡಕುಸ್ತಿ. ಮೈಸೂರಿನ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡದಲ್ಲಿ ಪಂದ್ಯಗಳು ಆರಂಭವಾಗುವ ಮೊದಲೇ ‘ಜೋಡಿ ಕಟ್ಟುವುದು’ ಎಂಬ ಕಾರ್ಯವೊಂದುಂಟು. ಗರಡಿಗಳಿಂದ ಪೈಲ್ವಾನರು ಬಂದು ನಿಲ್ಲುತ್ತಾರೆ. ಅವರ ಮೈಕಟ್ಟು, ತೂಕ, ವಯಸ್ಸು, ಅನುಭವಗಳನ್ನು ನೋಡಿ, ಇವನಿಗೆ ಇವನು ಸರಿಜೋಡಿ ಎಂದು ಹಿರಿಯರೂ ಉಸ್ತಾದರೂ ಗೊತ್ತುಮಾಡುತ್ತಾರೆ. ಗೆದ್ದವನಿಗೆ ಎಷ್ಟು ಇನಾಮೆಂಬುದು ಬೇರೆ ಮಾತು. ಎದುರಾಳಿಯನ್ನು ಆರಿಸುವ ಕೈ ಆಡುವವನ ಕೈಯಲ್ಲ, ದುಡ್ಡು ಹಾಕಿದವನ ಕೈಯೂ ಅಲ್ಲ. ಇದೇ ನಾನು ಹೇಳಿದ ಹಳೆಯ ಉತ್ತರ.

ಹಿಂದಿನದೆಲ್ಲ ಒಳ್ಳೆಯದೆಂದು ಇದರಿಂದ ಸಾಧಿಸಹೊರಟಿಲ್ಲ. ಅರಸರ ಅನ್ನ ಉಂಡ ಜೆಟ್ಟಿಗೆ ‘ಈ ಎದುರಾಳಿ ನನಗೆ ಬೇಡ’ ಎನ್ನುವ ಸ್ವಾತಂತ್ರ್ಯವೆಲ್ಲಿತ್ತು? ಬೇಡವೆನ್ನಲಾರದವನ ಧೈರ್ಯ ಎಷ್ಟು, ಕಟ್ಟಳೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇಡವೆನ್ನುವ ಅವಕಾಶವಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಅದನ್ನು ತಿಳಿಯಬೇಕಾದರೆ ಅರಮನೆಯನ್ನು ಬಿಟ್ಟು, ಎದುರಾಳಿಯನ್ನು ಕರಾರಿನ ಮೂಲಕ ಆರಿಸಿಕೊಳ್ಳುವ ಪಶ್ಚಿಮದ ಬಾಕ್ಸಿಂಗ್ ಕಣಕ್ಕೆ ಹೋಗಬೇಕು.

1908ರಲ್ಲಿ ಅತಿಭಾರ ವರ್ಗದ ಜಗಜ್ಜೆಟ್ಟಿಯಾಗಿದ್ದವನು ಕೆನಡಾದ ಟಾಮಿ ಬರ್ನ್ಸ್. ಅಮೆರಿಕದ ಕಪ್ಪು ಜನಾಂಗದ ಜ್ಯಾಕ್ ಜಾನ್ಸನ್ ಅವನನ್ನು ಇಂಗ್ಲೆಂಡಿಗೂ ಅಲ್ಲಿಂದ ಆಸ್ಟ್ರೇಲಿಯಕ್ಕೂ ಬೆನ್ನಟ್ಟಿ ಹೋದ. ಅದಕ್ಕೆ ಹಿಂದಿನ ಜಗಜ್ಜೆಟ್ಟಿ ಜೆಫ್ರೀಸನು ಕಪ್ಪು ಜನರೊಡನೆ ಪದವಿಗಾಗಿ ಸೆಣಸುವುದಿಲ್ಲವೆಂದು ಬಾಗಿಲು ಹಾಕಿದ್ದ. ಬರ್ನ್ಸನು ಬಾಗಿಲು ಹಾಕಲಿಲ್ಲ, ಬೆಲೆ ಹೇಳಿದ: 30,000 ಡಾಲರು. ಸಿಡ್ನಿಯ ವ್ಯವಸ್ಥಾಪಕ ಹ್ಯೂ ಮೆಕಿಂಟಾಷ್ ಆ ಹಣವನ್ನು ಕೊಟ್ಟ. ಜಾನ್ಸನನ ಪಾಲಿಗೆ ಬಂದದ್ದು 5,000 ಡಾಲರು ಮಾತ್ರ, ಎಂದರೆ ಆರರಲ್ಲೊಂದು ಪಾಲು. ಅವನು ಒಪ್ಪಿದ. 1908ರ ಡಿಸೆಂಬರ್ 26ರಂದು ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ಬಂದು ನಿಲ್ಲಿಸುವವರೆಗೂ ಬರ್ನ್ಸನನ್ನು ದಂಡಿಸಿ ಜಾನ್ಸನ್ ಜಗಜ್ಜೆಟ್ಟಿಯಾದ.

ಕಥೆ ಇಲ್ಲಿಗೇ ಮುಗಿದಿದ್ದರೆ ಧೈರ್ಯ ಹಣವನ್ನು ಗೆದ್ದಿತೆಂದು ಹೇಳಿ ನಾವೂ ನೀವೂ ಸಂತೋಷದಿಂದ ಏಳಬಹುದಾಗಿತ್ತು. ಆದರೆ ಮುಂದೆ ನಡೆದುದನ್ನು ಕೇಳಿ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಇನ್ನೊಬ್ಬ ಕಪ್ಪು ಮುಷ್ಟಿಮಲ್ಲನನ್ನು ಜಾನ್ಸನ್ 1906ರಲ್ಲಿ ಸೋಲಿಸಿದ್ದ. ಲ್ಯಾಂಗ್‌ಫರ್ಡ್ ಆಮೇಲೆ ಬಹಳ ಬೆಳೆದ. ಆದರೆ ಜಾನ್ಸನ್ ಪದವಿಯಲ್ಲಿದ್ದ 1915ರ ವರೆಗಿನ ಅಷ್ಟೂ ವರ್ಷ ಅವನಿಗೆ ಒಂದು ಅವಕಾಶವನ್ನೂ ಕೊಡಲಿಲ್ಲ. 1910ರಲ್ಲಿ ಜೆಫ್ರೀಸ್ ಮರಳಿ ಕಣಕ್ಕೆ ಬಂದಾಗ ಲಕ್ಷ ಡಾಲರಿಗೂ ಮೀರಿದ ಪಂದ್ಯಕ್ಕೆ ನಿಂತು ಗೆದ್ದ ಜಾನ್ಸನನಿಗೆ, ಇಬ್ಬರು ಕಪ್ಪು ಮಲ್ಲರ ಕಾದಾಟಕ್ಕೆ ದುಡ್ಡು ಹುಟ್ಟುವುದಿಲ್ಲವೆಂಬ ಲೆಕ್ಕ ತಿಳಿದಿತ್ತು. ಆರರಲ್ಲೊಂದು ಪಾಲಿಗೆ ಸಮುದ್ರ ದಾಟಿದವನೇ ಪದವಿ ಕೈಗೆ ಬಂದ ಮೇಲೆ ಬರ್ನ್ಸನ ಲೆಕ್ಕವನ್ನು ಕಲಿತ. ಲ್ಯಾಂಗ್‌ಫರ್ಡನಾದರೋ ಕಣ್ಣು ಕಳೆದುಕೊಂಡು, ಕೈಯಲ್ಲಿ ಕಾಸಿಲ್ಲದೆ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬಾಳುತ್ತಿದ್ದುದನ್ನು 1944ರಲ್ಲಿ ಪತ್ರಿಕೆಯವರೊಬ್ಬರು ಪತ್ತೆಹಚ್ಚಿದರು.

ಇದರಿಂದ ತಿಳಿಯುವುದೇನು? ಕಳೆದುಕೊಳ್ಳಲು ಏನೂ ಇಲ್ಲದವನು ಸವಾಲು ಹಾಕುವುದು ಸುಲಭ. ಪದವಿಯನ್ನು ಹೊತ್ತವನು ಆ ಸವಾಲನ್ನು ಸ್ವೀಕರಿಸುತ್ತಾನೆಯೇ ಎಂಬುದೇ ಧೈರ್ಯದ ನಿಜವಾದ ಒರೆಗಲ್ಲು.

ಈ ಒರೆಗಲ್ಲಿನ ಮೇಲೆ ನಮ್ಮ ದೇಶದ ಗಾಮಾ ಪೈಲ್ವಾನನನ್ನು ಉಜ್ಜಿ ನೋಡಿ. 1910ರಲ್ಲಿ ಅವನು ಲಂಡನ್ನಿಗೆ ಹೋದಾಗ, ಎತ್ತರ ಸಾಲದೆಂದು ಅಲ್ಲಿಯ ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಯಾವ ತೂಕದವರಾದರೂ ಸರಿ, ಮೂವರನ್ನು ಮೂವತ್ತು ನಿಮಿಷದಲ್ಲಿ ಕೆಡವುತ್ತೇನೆಂದು ಅವನು ಸವಾಲು ಹಾಕಿದ. ಎದುರಾಳಿ ಯಾರೆಂಬುದನ್ನು ಅವನು ಆರಿಸಲೇ ಇಲ್ಲ; ಆ ಆಯ್ಕೆಯನ್ನು ಲೋಕಕ್ಕೆ ಬಿಟ್ಟುಕೊಟ್ಟ. ಅಮೆರಿಕದ ಬೆಂಜಮಿನ್ ರೋಲರ್ ಮುಂದೆ ಬಂದು ಬೇಗನೆ ಚಿತ್ತಾದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಜಿಬಿಸ್ಕೋ 250 ಪೌಂಡಿನ ಬಹುಮಾನಕ್ಕಾಗಿ ಅವನೆದುರು ನಿಂತ. ನಿಂತ ಎನ್ನುವುದಕ್ಕಿಂತ ನೆಲಕ್ಕೆ ಅಂಟಿಕೊಂಡ ಎನ್ನಬೇಕು. ಎರಡೂವರೆ ಗಂಟೆಗೂ ಮೀರಿ ಸೆಣಸಿದರೂ ಪಂದ್ಯ ಇತ್ಯರ್ಥವಾಗಲಿಲ್ಲ. ಮತ್ತೆ 17ರಂದು ಕೂಡಬೇಕೆಂದಿದ್ದಾಗ ಜಿಬಿಸ್ಕೋ ಬರಲೇ ಇಲ್ಲ.

ಜಿಬಿಸ್ಕೋನನ್ನು ನಗುವ ಮೊದಲು ಒಂದು ಮಾತು ನೆನಪಿರಲಿ. ಹದಿನೇಳು ವರ್ಷಗಳು ಕಳೆದ ಮೇಲೆ, 1928ರ ಜನವರಿಯಲ್ಲಿ, ಐವತ್ತರ ಸಮೀಪದ ಆ ಮನುಷ್ಯ ಪಟಿಯಾಲಕ್ಕೆ ಬಂದು ಅದೇ ಗಾಮಾನ ಎದುರು ಮತ್ತೆ ನಿಂತ. ಒಂದು ನಿಮಿಷದೊಳಗೆ ಬಿದ್ದ. ಆದರೂ ಬಂದನಲ್ಲ! ಅಂದು ತಪ್ಪಿಸಿಕೊಂಡ ಸಾಲವನ್ನು ಅವನು ತೀರಿಸಿದ. ನೂನಿಜನು ಕಂಡ ಅರಸನು ಅಲ್ಲಿದ್ದಿದ್ದರೆ ಅವನಿಗೂ ಒಂದು ರೇಷ್ಮೆಯ ವಸ್ತ್ರವನ್ನು ಕೊಡುತ್ತಿದ್ದನೇನೋ.

ಇಷ್ಟೆಲ್ಲ ಹೇಳಿದ ಮೇಲೂ, ಹಣವನ್ನು ನೋಡಿ ಎದುರಾಳಿಯನ್ನು ಆರಿಸುವವನನ್ನು ಹೇಡಿಯೆಂದು ಕರೆಯಲು ನನಗೆ ಬಾಯಿ ಬಾರದು. ಮುಷ್ಟಿಮಲ್ಲನ ಮೈ ಹೆಚ್ಚೆಂದರೆ ಹತ್ತು ಹದಿನೈದು ವರ್ಷ ದುಡಿಯುತ್ತದೆ. ತಲೆಗೆ ಬಿದ್ದ ಪೆಟ್ಟು ಮುಪ್ಪಿನಲ್ಲಿ ಬಡ್ಡಿಸಹಿತ ಮರಳಿ ಬರುತ್ತದೆ. ಸೋಲನ್ನೇ ಕಾಣದ ಗಾಮಾನ ಕೊನೆಯ ದಿನಗಳೂ ರೋಗದಲ್ಲಿ, ಬಡತನದಲ್ಲಿ ಕಳೆದವು. 1960ರಲ್ಲಿ ಅವನು ಲಾಹೋರಿನಲ್ಲಿ ತೀರಿಕೊಂಡ. ಹೆಂಡತಿ ಮಕ್ಕಳಿರುವವನು ಕಡಮೆ ಪೆಟ್ಟಿಗೆ ಹೆಚ್ಚು ಹಣ ಸಿಗುವ ಕಡೆ ನೋಡಿದರೆ ಅದು ಸಂಸಾರಿಯ ವಿವೇಕವೇ ಸರಿ. ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಜನ ಹೇಳುವ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಅವನಿಗೂ ಸಲ್ಲಬೇಕು. ದುಡಿದವನಿಗೆ ದುಡಿದಷ್ಟು ಕೂಲಿ ಬರಲಿ, ಅದರಲ್ಲಿ ನಾಚಿಕೆಯೇನು?

ನಾಚಿಕೆ ಬೇರೆ ಕಡೆ ಇದೆ. ಸರಿಜೋಡಿಯ ಕಾದಾಟವೆಂದು ಹೇಳಿ, ಸರಿಜೋಡಿಯನ್ನು ದೂರವಿಟ್ಟು, ಜನರ ಮುಂದೆ ಬೇರೊಬ್ಬನನ್ನು ತಂದು ನಿಲ್ಲಿಸುವುದರಲ್ಲಿದೆ. ಫ್ಲಾಯ್ಡ್ ಮೇವೆದರ್, ಮ್ಯಾನಿ ಪ್ಯಾಕಿಯಾವ್ ಎಂಬಿಬ್ಬರು ಒಂದೇ ತೂಕದ ಮೇಲಾಳುಗಳಾಗಿದ್ದ ಕಾಲದಲ್ಲಿ, 2009ರಿಂದಲೇ ಮಾತುಕತೆ ನಡೆದರೂ ಅವರು ಎದುರಾದದ್ದು 2015ರ ಮೇ 2ರಂದು. ಅಷ್ಟರಲ್ಲಿ ಇಬ್ಬರ ಹರೆಯವೂ ಇಳಿಮುಖವಾಗಿತ್ತು. ಹಣವಂತೂ ಹಿಂದೆಂದೂ ಕಾಣದಷ್ಟು ಹರಿಯಿತು. ಆದರೆ 2010ರಲ್ಲಿ ನಡೆದಿದ್ದರೆ ಗೆಲ್ಲುತ್ತಿದ್ದವರು ಯಾರೆಂಬ ಪ್ರಶ್ನೆಗೆ ಎಷ್ಟು ಕೋಟಿ ಸುರಿದರೂ ಇನ್ನು ಉತ್ತರ ದೊರೆಯದು.

ಆದಕಾರಣ ಹಣಕ್ಕೂ ಧೈರ್ಯಕ್ಕೂ ಜಗಳ ಹಚ್ಚುವುದಕ್ಕಿಂತ ಎರಡರ ಜಾಗವನ್ನೂ ಬೇರೆ ಬೇರೆ ಮಾಡುವುದು ಲೇಸು. ಇನಾಮು ಎಷ್ಟೆಂಬುದನ್ನು ಹಣ ಹೇಳಲಿ. ಎದುರಾಳಿ ಯಾರೆಂಬುದನ್ನು, ಪಾಯಸನು ಹಂಪೆಯಲ್ಲಿ ಕಂಡಂತೆ, ಎರಡೂ ಕಡೆಗೆ ಸೇರದ ಮೂರನೆಯವರು ಹೇಳಲಿ. ಇಂದಿನ ಬಾಕ್ಸಿಂಗ್ ಸಂಸ್ಥೆಗಳು ಪದವಿಯುಳ್ಳವನು ಗೊತ್ತಾದ ಎದುರಾಳಿಯೊಡನೆ ಸೆಣಸಲೇಬೇಕೆಂಬ ನಿಯಮವನ್ನು ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಅದನ್ನು ಹಣ ಕೊಟ್ಟು ದಾಟುವ ದಾರಿಗಳೂ ಉಂಟೆಂಬುದು ಬೇರೆ ಮಾತು.

ಮುಂದಿನ ಬಾರಿ ಜಾತ್ರೆಯ ಕುಸ್ತಿಗೆ ಹೋದಾಗ ಇನಾಮಿನ ಮೊತ್ತವನ್ನು ಕೂಗುವುದು ನಿಮ್ಮ ಕಿವಿಗೆ ತಾನಾಗಿ ಬೀಳುತ್ತದೆ. ಜೋಡಿಯನ್ನು ಕಟ್ಟಿದವರು ಯಾರೆಂಬುದನ್ನು ಮಾತ್ರ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಿ. ಅದನ್ನು ತಿಳಿದವರಿಗೆ ಮುಂದಿನ ಆಟದ ಸೊಗಸೇ ಬೇರೆ.