ಆಂಜಿಯೋಗ್ರಾಂ: ಮಣಿಕಟ್ಟಿನ ದಾರಿ, ತೊಡೆಸಂದಿನ ದಾರಿ

ಹೃದಯದ ರಕ್ತನಾಳಗಳ ಚಿತ್ರ ತೆಗೆಯಲು ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ಅಪಧಮನಿಯೊಳಗೆ ತೂರಿಸಲು ಎರಡು ಮುಖ್ಯ ದಾರಿಗಳಿವೆ: ಮಣಿಕಟ್ಟು ಮತ್ತು ತೊಡೆಸಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೋಗಿಗಳು ಈ ಆಂಜಿಯೋಗ್ರಾಂಗಾಗಿ ಸಾಮಾನ್ಯವಾಗಿ ಬೆಳಗಾವಿ, ಧಾರವಾಡ ಇಲ್ಲವೇ ಹುಬ್ಬಳ್ಳಿ ಸೇರುತ್ತಾರೆ. ಮಣಿಕಟ್ಟಿನ ದಾರಿಯನ್ನು 1989ರಲ್ಲಿ ವರದಿ ಮಾಡಿದವರು ಕೆನಡಾದ ವೈದ್ಯ ಲೂಸಿಯೆನ್ ಕ್ಯಾಂಪೋ. ಮಣಿಕಟ್ಟಿನಲ್ಲಿ ನಾಳ ಮೂಳೆಯ ಮೇಲೆಯೇ ಇರುವುದರಿಂದ ಪಟ್ಟಿ ಬಿಗಿದರೆ ರಕ್ತ ನಿಲ್ಲುತ್ತದೆ. ರೋಗಿ ಬೇಗ ಎದ್ದು ಕೂರಬಹುದು. ತೊಡೆಸಂದಿನಲ್ಲಾದರೆ ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು, ರಕ್ತಸ್ರಾವದ ಭಯವೂ ಹೆಚ್ಚು. ಬಸ್ಸಿನಲ್ಲಿ ಊರಿಗೆ ಮರಳುವವರಿಗೆ ಈ ವ್ಯತ್ಯಾಸ ಸಣ್ಣ ಮಾತಲ್ಲ. ಆದರೂ ಕೈಯ ನಾಳ ಸಣ್ಣದು, ಕೆಲವೊಮ್ಮೆ ಸೆಟೆದುಕೊಳ್ಳುತ್ತದೆ. ದೊಡ್ಡ ಉಪಕರಣ ಬೇಕಾದಾಗ, ಡಯಾಲಿಸಿಸ್‌ಗೆ ಕೈಯ ನಾಳ ಉಳಿಸಬೇಕಾದಾಗ ತೊಡೆಯೇ ಸರಿ. ಹಿಂದೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿದ್ದರೆ ಎಡಗೈ ಅಥವಾ ತೊಡೆ ಅನುಕೂಲ.