ಮನೆಸಾಲದಲ್ಲಿ ಅಚ್ಚಾದ ಪುಸ್ತಕ

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ ಬರೆದ ಭಯಾನಕ ಕಥೆಗಳು ನನ್ನ ನಿದ್ದೆ ಕೆಡಿಸಿದ್ದುಂಟು. ಅದಕ್ಕಿಂತ ಹೆಚ್ಚು ಕಾಡಿದ್ದು ಅವು ಪುಸ್ತಕವಾದ ಬಗೆ.

1937ರ ಮಾರ್ಚಿನಲ್ಲಿ ಪ್ರಾವಿಡೆನ್ಸ್ ಊರಿನಲ್ಲಿ ಆತ ತೀರಿಕೊಂಡಾಗ ವಯಸ್ಸು 46, ಬಡತನ ಬಿಟ್ಟಿರಲಿಲ್ಲ. ಕಥೆಗಳೆಲ್ಲ ‘ವಿಯರ್ಡ್ ಟೇಲ್ಸ್’ನಂಥ ಅಗ್ಗದ ಪತ್ರಿಕೆಗಳಲ್ಲಿ ಚೆದುರಿದ್ದವು. ಅಂಥ ಕಾಗದ ಎಷ್ಟು ದಿನ ಬಾಳೀತು? ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ದಾರದಲ್ಲಿ ಹೊಲಿದಿಟ್ಟುಕೊಂಡ ನಮಗೆ ಅದು ಗೊತ್ತು.

ಅವನ್ನು ಉಳಿಸಲು ಹೊರಟವರು ಆಗಸ್ಟ್ ಡರ್ಲೆತ್, ಡೊನಾಲ್ಡ್ ವಾಂಡ್ರೈ ಎಂಬ ಇಬ್ಬರು ಯುವ ಲೇಖಕರು. ದೊಡ್ಡ ಪ್ರಕಾಶಕರು ಒಪ್ಪಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಸಾಕ್ ಸಿಟಿಯಲ್ಲಿ ಮನೆ ಕಟ್ಟಲು ಸಾಲ ತಂದಿದ್ದ ಡರ್ಲೆತ್, ಅದರಲ್ಲೇ ಒಂದಿಷ್ಟನ್ನು ಅಚ್ಚಿನ ಖರ್ಚಿಗೆ ಸುರಿದ. 1939ರಲ್ಲಿ ಆರ್ಕಮ್ ಹೌಸ್ ಎಂಬ ಅವರದೇ ಪ್ರಕಾಶನದಿಂದ ‘ದಿ ಔಟ್‌ಸೈಡರ್ ಅಂಡ್ ಅದರ್ಸ್’ ಎಂಬ ದಪ್ಪ ಸಂಪುಟ ಹೊರಬಂತು. ಪ್ರತಿಗಳು 1,268, ಬೆಲೆ 5 ಡಾಲರ್. ಅಷ್ಟು ಮಾರಿ ಮುಗಿಯಲು ಸುಮಾರು 4 ವರ್ಷ ಹಿಡಿಯಿತು.

ಕರಿಯರ, ವಲಸೆ ಬಂದವರ ಬಗ್ಗೆ ಲವ್‌ಕ್ರಾಫ್ಟ್ ಕಾರಿಕೊಂಡ ದ್ವೇಷ ಓದಿದಾಗ ನನಗೆ ಹೇಸಿಗೆಯಾಗುತ್ತದೆ. ಈ ಸಂಪುಟದ ಹಾಳೆಗಳಲ್ಲಿ ಅದೂ ಉಳಿದುಕೊಂಡಿದೆ. ಆದರೂ ಡರ್ಲೆತ್‌ನ ಋಣಭಾವ ನನ್ನ ಮನಸ್ಸಿಗೆ ತಟ್ಟುತ್ತದೆ. ಆತ ಲವ್‌ಕ್ರಾಫ್ಟ್‌ನನ್ನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಅವರ ಸ್ನೇಹವೆಲ್ಲ ಹತ್ತು ವರ್ಷಕ್ಕೂ ಮೀರಿದ ಪತ್ರಗಳಲ್ಲೇ ನಡೆದದ್ದು.

ನಮ್ಮ ಮನೆಯ ಗಂಡಸರು ಹೀಗೆ ಇಟ್ಟಿಗೆ ಸಿಮೆಂಟಿನ ದುಡ್ಡನ್ನು ಸತ್ತ ಗೆಳೆಯನ ಪುಸ್ತಕಕ್ಕೆ ಹಾಕಿ ಬಂದರೆ? ನಾನಂತೂ ಮೊದಲು ರೇಗುತ್ತಿದ್ದೆ. ಆಮೇಲೆ ಒಂದು ಪ್ರತಿ ಕೇಳುತ್ತಿದ್ದೆ.